ಒಂದು ಕೀಲಿನ ಹುಲಿ: ಟಿಪ್ಪುವಿನ ಯಂತ್ರವ್ಯಾಘ್ರದ ರಚನೆ ಮತ್ತು ಚಲನೆ

೧

ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಹೋದ ಮರದ ಹುಲಿಯನ್ನು ಕುರಿತು ಬರೆದವರು ಅನೇಕರು. ಆದರೆ ಅವರಲ್ಲಿ ಹೆಚ್ಚಿನವರು ಹುಲಿಯನ್ನು ನೆಪಮಾಡಿಕೊಂಡು ಅದರ ಒಡೆಯನನ್ನು ಕುರಿತು ಬರೆದವರು. ಒಬ್ಬರಿಗೆ ಅದು ಸುಲ್ತಾನನ ಕ್ರೌರ್ಯಕ್ಕೆ ಸಾಕ್ಷಿ. ಇನ್ನೊಬ್ಬರಿಗೆ ಅವನ ಸ್ವಾಭಿಮಾನಕ್ಕೆ ಸಾಕ್ಷಿ. ಎರಡು ಪಕ್ಷದವರೂ ಅದನ್ನು ಸಾಕ್ಷಿಕಟ್ಟೆಗೆ ಎಳೆದು ತಂದರೇ ಹೊರತು, ಅದು ಸ್ವತಃ ಏನು ಹೇಳುತ್ತದೆಂದು ಕೇಳಿದವರು ವಿರಳ. ಟಿಪ್ಪು ಸುಲ್ತಾನನ ಗುಣದೋಷಗಳ ನಿರ್ಣಯ ಚರಿತ್ರಕಾರರಿಗೆ ಸೇರಿದ್ದು. ಅವನ ಅರಮನೆಗಾಗಿ ಹುಟ್ಟಿದ ಒಂದು ಬೊಂಬೆಯ ಗುಣದೋಷಗಳ ನಿರ್ಣಯ ಕಲಾವಿಮರ್ಶೆಗೆ ಸೇರಿದ್ದು. ಪ್ರಕೃತ ಲೇಖನದ ಉದ್ದೇಶ ಎರಡನೆಯದು ಮಾತ್ರ.

ಈ ಪ್ರಯತ್ನಕ್ಕೆ ನಿಮಿತ್ತವಾದುದು ಒಂದು ಸಣ್ಣ ಪ್ರಶ್ನೆ. ನಮ್ಮ ಸಂಘದ ಕೂಟವೊಂದರಲ್ಲಿ ನಾನು ಈ ಹುಲಿಯ ಚಿತ್ರಗಳನ್ನು ತೋರಿಸಿ ಮಾತನಾಡಿದ್ದೆ. ಮಾತು ಮುಗಿಯುತ್ತಲೇ ಸಭೆ ಎರಡಾಯಿತು. ಟಿಪ್ಪು ಎಂತಹವನು ಎಂಬ ವಾದ ಒಂದು ಗಂಟೆಗೂ ಮೇಲ್ಪಟ್ಟು ನಡೆಯಿತು. ಪುಣೆಯಲ್ಲಿ ಈ ವಾದಕ್ಕೆ ಇನ್ನೊಂದು ಎಳೆಯೂ ಸೇರಿಕೊಳ್ಳುತ್ತದೆ. ೧೭೯೧-೯೨ರ ಯುದ್ಧದಲ್ಲಿ ಕಾರ್ನ್‌ವಾಲಿಸನ ಜೊತೆಗೂಡಿ ಮೈಸೂರಿನ ಮೇಲೆ ಬಂದವರಲ್ಲಿ ಹರಿಪಂತ ಫಡಕೆ, ಪರಶುರಾಮ ಭಾವೂ ಪಟವರ್ಧನರ ಸೈನ್ಯಗಳೂ ಇದ್ದುವಷ್ಟೆ. ಅಂತೂ ಹುಲಿಯನ್ನು ಎಲ್ಲರೂ ಮರೆತರು. ರಾತ್ರಿ ನಿಗಡಿಗೆ ಹಿಂದಿರುಗುವಾಗ ಜೊತೆಯಲ್ಲಿದ್ದವರು ನಮ್ಮ ನೆರೆಮನೆಯವರು. ಧಾರವಾಡದ ಕಡೆಯವರು, ಇಲ್ಲಿಯ ಮೋಟಾರು ಕಾರ್ಖಾನೆಯೊಂದರಲ್ಲಿ ಇಂಜಿನಿಯರರು. ಭಕ್ತಿ-ಶಕ್ತಿ ಚೌಕದ ಹತ್ತಿರ ಬಂದಾಗ ಅವರು ಕೇಳಿದರು:

“ಅಲ್ರೀ ರಾಯರ, ಅವ ಹಂಗಿದ್ದ, ಹಿಂಗಿದ್ದ ಅನ್ನೂದೆಲ್ಲಾ ಇರ್ಲಿ. ಆ ಹುಲಿಯೊಳಗ ಒಟ್ಟು ಎಷ್ಟು ಕೀಲು ಅದಾವರಿ?”

“ಹೊರಗೆ ಕಾಣುವಂತೆ ಅಲುಗುವುದು ಒಂದೇ” ಎಂದೆ.

“ಒಂದs? ನಮ್ಮಲ್ಲಿ ಬೆಸುಗೆ ಹಾಕೂ ಯಂತ್ರದ ಕೈಗೇ ಆರು ಅದಾವು. ಹಂಗಾದ್ರ ಅದು ಯಂತ್ರದ ಹುಲಿ ಅಲ್ಲ ಬಿಡ್ರಿ, ಹುಲಿಯ ಚಿತ್ರ.”

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ ಇದು. ನಿಜವಾಗಿ ಮೊದಲು ಕೇಳಬೇಕಾಗಿದ್ದ ಪ್ರಶ್ನೆ. ಕೀಲುಬೊಂಬೆಯ ವಿಮರ್ಶೆ ಕೀಲಿನಿಂದಲೇ ಆರಂಭವಾಗಬೇಕು. ಈ ಹುಲಿಗೆ ಒಂದೇ ಕೀಲು ಏಕೆ? ಆ ಕೀಲು ಇರಬೇಕಾದಲ್ಲಿ ಇದೆಯೆ? ಅದು ಬಡತನವೊ, ಬೇಕೆಂದೇ ಮಾಡಿದ ಮಿತವ್ಯಯವೊ? ಮುಂದಿನ ಪುಟಗಳು ಆ ಸ್ನೇಹಿತರಿಗೆ ತಡವಾಗಿ ಕೊಟ್ಟ ಉತ್ತರವೆಂದು ವಾಚಕರು ಭಾವಿಸಬೇಕು.

೨

ಮೊದಲು ವಸ್ತುವಿನ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳೋಣ. ಯುರೋಪಿಯನ್ ಉಡುಪಿನ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದಾನೆ. ಕೆಂಪು ಕೋಟು, ಕರಿಯ ಟೊಪ್ಪಿಗೆ. ಅವನು ಸಿಪಾಯಿಯೊ ನಾಗರಿಕನೊ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅವನ ಮೈಮೇಲೆ ನಾಲ್ಕು ಪಂಜಗಳನ್ನೂ ಊರಿ ಗಂಟಲಿಗೆ ಬಾಯಿ ಹಾಕಿದ ಹುಲಿ. ಎತ್ತರ ಸುಮಾರು ೭೧ ಸೆಂಟಿಮೀಟರು, ಉದ್ದ ಸುಮಾರು ಒಂದೂಮುಕ್ಕಾಲು ಮೀಟರು. ಎಂದರೆ ಜೀವಪ್ರಮಾಣಕ್ಕೆ ಬಹು ಹತ್ತಿರ. ಹುಲಿಯ ಮೈ ಟೊಳ್ಳು; ಮರದ ಕವಚದ ದಪ್ಪ ಅರ್ಧ ಅಂಗುಲದಷ್ಟು. ಮನುಷ್ಯನ ಮೈಯ ಮರ ಇದಕ್ಕಿಂತ ಬಹಳ ದಪ್ಪ. ಹುಲಿಯ ಬೆನ್ನಿನ ಭಾಗವನ್ನು ನಾಲ್ಕು ತಿರುಪುಗಳನ್ನು ಬಿಚ್ಚಿ ಮುಚ್ಚಳದಂತೆ ಎತ್ತಬಹುದು.

ಹುಲಿಯ ಭುಜದ ಬಳಿ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಒಳಗೆ ಮೂರು ಕಾರ್ಯಗಳು ನಡೆಯುತ್ತವೆ. ಒಂದು, ಮನುಷ್ಯನ ಎದೆಯಲ್ಲಿರುವ ತಿದಿ ಉಸಿರಾಡಿ, ಗಂಟಲ ಕೊಳವೆಯ ಮೂಲಕ ಗಾಳಿಯನ್ನು ಬಾಯಿಗೆ ತಳ್ಳುತ್ತದೆ. ನರಳಿಕೆಯ ದನಿ ಹೊರಡುತ್ತದೆ. ಎರಡು, ಅವನ ಎಡಗೈ ಏರುತ್ತದೆ, ಇಳಿಯುತ್ತದೆ. ಮೂರು, ಹುಲಿಯ ತಲೆಯೊಳಗೆ ಭಾರ ಕಟ್ಟಿದ ಭಾಗವೊಂದನ್ನು ಹಲ್ಲುಚಕ್ರಗಳು ಮೆಲ್ಲಮೆಲ್ಲನೆ ಮೇಲೆತ್ತುತ್ತವೆ. ತುದಿ ಮುಟ್ಟಿದೊಡನೆ ಅದು ಜಾರಿ ಕೆಳಗೆ ಬೀಳುತ್ತದೆ. ಬಿದ್ದ ರಭಸಕ್ಕೆ ಗಾಳಿ ನುಗ್ಗಿ ಗುರುಗುಟ್ಟುವ ಸದ್ದಾಗುತ್ತದೆ. ಇವಲ್ಲದೆ ಹುಲಿಯ ಪಕ್ಕೆಯಲ್ಲೊಂದು ಬಾಗಿಲು. ಅದನ್ನು ತೆರೆದರೆ ದಂತದ ಹದಿನೆಂಟು ಒತ್ತುಗುಂಡಿಗಳು. ಒಳಗೆ ಎರಡು ಸಾಲು ಕೊಳವೆಗಳ ಒಂದು ಸಣ್ಣ ಆರ್ಗನ್ ವಾದ್ಯ.

ಹುಲಿಯ ತಲೆಯ ಕಡೆಗೆ ದನಿ ಹೊರಬರಲೆಂದು ಕವಚದಲ್ಲಿ ರಂಧ್ರಗಳನ್ನು ಕೊರೆದಿದ್ದಾರೆ. ಅವನ್ನು ಬಣ್ಣದ ಪಟ್ಟೆಗಳ ಒಳಭಾಗಕ್ಕೆ ಹೊಂದುವಂತೆ ಕೊರೆದಿರುವುದರಿಂದ ದೂರದಿಂದ ರಂಧ್ರಗಳು ಕಾಣುವುದಿಲ್ಲ. ಪಟ್ಟೆಗಳು ಮಾತ್ರ ಕಾಣುತ್ತವೆ. ಪಟ್ಟೆ ಟಿಪ್ಪುವಿನ ರಾಜಚಿಹ್ನೆ. ಅವನ ಬಾವುಟ, ಫಿರಂಗಿ, ಸಿಂಹಾಸನಗಳ ಮೇಲೆಲ್ಲ ಇದ್ದುದು. ಬೇರೆಡೆ ಅದು ಅಲಂಕಾರ. ಇಲ್ಲಿ ಅದೇ ಹುಲಿಯ ಧ್ವನಿರಂಧ್ರ. ಅಲಂಕಾರಕ್ಕೂ ಉಪಯೋಗಕ್ಕೂ ಬೆಸುಗೆ ಕಾಣದಂತೆ ಕೂಡಿಸುವುದು ಕುಶಲಕರ್ಮಿಯ ಲಕ್ಷಣ. ಈ ಒಂದು ಅಂಶದಿಂದಲೇ ನಾವು ಸಾಮಾನ್ಯ ಕೈಗಳ ಕೆಲಸವನ್ನು ನೋಡುತ್ತಿಲ್ಲವೆಂಬುದು ತಿಳಿಯುತ್ತದೆ.

ಆ ಕೈಗಳು ಯಾರವು? ಹೆಸರು ಉಳಿದಿಲ್ಲ. ಟಿಪ್ಪುವಿನ ಆಸ್ಥಾನದಲ್ಲಿ ಫ್ರೆಂಚ್ ಕುಶಲಿಗಳಿದ್ದರು. ಹದಿನಾರನೆಯ ಲೂಯಿಯ ಬಳಿಗೆ ೧೭೮೭-೮೮ರಲ್ಲಿ ಹೋದ ರಾಯಭಾರವೂ ಕಸುಬುದಾರರನ್ನು ಬೇಡಿತ್ತು. ಆದುದರಿಂದ ಒಳಯಂತ್ರದಲ್ಲಿ ಫ್ರೆಂಚರ ಕೈವಾಡವಿರಬಹುದೆಂದು ಅನೇಕರ ಊಹೆ. ಆದರೆ ಕವಚದ ಶೈಲಿ, ಯಂತ್ರದ ರೀತಿ, ಮೂಲದ ಹಿತ್ತಾಳೆ ಕೊಳವೆಗಳ ಲೋಹಪರೀಕ್ಷೆ ಇವೆಲ್ಲ ಇದು ಸ್ಥಳೀಯ ನಿರ್ಮಾಣವೆಂದೇ ಸೂಚಿಸುತ್ತವೆ. ಮರಗೆಲಸದ ಬೇರು ದಕ್ಷಿಣದ ದೇವಶಿಲ್ಪದಲ್ಲಿದೆ. ಲೋಹದ ಕೆಲಸಕ್ಕೂ ನಾಡಿನಲ್ಲಿ ಬಡತನವಿರಲಿಲ್ಲ. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುವುದನ್ನು ದಾಖಲಿಸಿದ್ದಾನೆ. ಮರ, ಲೋಹ, ಸಂಗೀತ ಈ ಮೂರರ ಕಸುಬುಗಳೂ ಶ್ರೀರಂಗಪಟ್ಟಣದಿಂದ ಒಂದೆರಡು ದಿನದ ಹಾದಿಯಲ್ಲಿದ್ದುವು.

೩

ವಿಮರ್ಶೆಗೆ ಇಳಿಯುವ ಮುನ್ನ ಪಾಠದ ಪ್ರಶ್ನೆಯೊಂದನ್ನು ತೀರಿಸಿಕೊಳ್ಳಬೇಕು. ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಮೊದಲು ಪ್ರಕ್ಷಿಪ್ತಗಳನ್ನು ಬೇರ್ಪಡಿಸುತ್ತಾರೆ. ಈ ಹುಲಿಯೂ ಅನೇಕ ಲಿಪಿಕಾರರ ಕೈದಾಟಿದ ಗ್ರಂಥದಂತಹುದು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯಲ್ಲಿ ವಾದ್ಯಗಳಿಗೆ ಮೀಸಲಾಗಿದ್ದ ಕೋಣೆಯಲ್ಲಿ ಈ ಬೊಂಬೆ ದೊರೆಯಿತು. ೧೮೦೮ರಿಂದ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಪ್ರದರ್ಶಿತವಾಯಿತು. ಅಲ್ಲಿ ಬಂದವರೆಲ್ಲ ಹಿಡಿಕೆಯನ್ನು ತಿರುಗಿಸಬಹುದಾಗಿತ್ತು. ಅದರ ಅರಚಾಟ ಪಕ್ಕದ ಪುಸ್ತಕಾಲಯದಲ್ಲಿ ಓದುವವರಿಗೆ ದೊಡ್ಡ ಉಪದ್ರವವಾಯಿತು. ಕೀಟ್ಸ್ ಕವಿ ೧೮೧೯ರ ಅಪೂರ್ಣ ಕಾವ್ಯವೊಂದರಲ್ಲಿ ಇದನ್ನು ಪರಿಹಾಸ್ಯಕ್ಕೆ ಬಳಸಿಕೊಂಡ. ಯಾವಾಗಲೋ ಹಿಡಿಕೆ ಕಳೆದುಹೋಯಿತು. ೧೮೬೯ರಲ್ಲಿ ‘ಅಥೀನಿಯಮ್’ ಪತ್ರಿಕೆ, ಹಿಡಿಕೆ ಹೋದದ್ದೇ ಒಳ್ಳೆಯದಾಯಿತು, ಇನ್ನು ಇದನ್ನು ನೋಡುವವರು ನೋಡಲಿ, ಕೇಳುವ ಗತಿ ಯಾರಿಗೂ ಬಾರದಿರಲಿ ಎಂಬರ್ಥದಲ್ಲಿ ಬರೆಯಿತು. ಆಮೇಲೆ ಬೊಂಬೆ ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯಕ್ಕೆ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಮೇಲ್ಛಾವಣಿ ಕುಸಿದು ಕವಚ ನೂರಾರು ಚೂರಾಯಿತು. ಚೂರುಗಳನ್ನು ಜೋಡಿಸಿ ೧೯೪೭ರ ಹೊತ್ತಿಗೆ ಮತ್ತೆ ಪ್ರದರ್ಶನಕ್ಕಿಟ್ಟರು. ೧೯೫೦ರ ದಶಕದಲ್ಲಿ ಮೂರನೆಯ ಹೆನ್ರಿ ವಿಲ್ಲಿಸ್ ಎಂಬ ಆರ್ಗನ್ ತಜ್ಞ ಇದರ ಮೇಲೆ ಕೆಲಸಮಾಡಿ, ಮಿಲ್ಡ್ರೆಡ್ ಆರ್ಚರ್ ಬರೆದ ೧೯೫೯ರ ಪುಸ್ತಿಕೆಗೆ ತನ್ನ ವರದಿಯನ್ನು ಕೊಟ್ಟ. ಯಂತ್ರವಾದ್ಯಗಳ ಇತಿಹಾಸಕಾರ ಆರ್ಡ್-ಹ್ಯೂಮ್, ೧೯೮೭ರಲ್ಲಿ, ಇಂಗ್ಲೆಂಡಿಗೆ ಬಂದ ಮೇಲೆ ಯಾರುಯಾರೋ ಮಾಡಿದ ದುರಸ್ತಿಗಳಿಂದ ಮೂಲದ ಕಾರ್ಯವಿಧಾನ ಬಹುಮಟ್ಟಿಗೆ ಹಾಳಾಗಿದೆಯೆಂದು ಕಟುವಾಗಿ ಬರೆದ. ಬಣ್ಣದ ಬಹುಭಾಗವೂ ಮೇಲೆ ಬಳಿದದ್ದು.

ಹಾಗಾದರೆ ನಾವು ವಿಮರ್ಶಿಸುತ್ತಿರುವುದು ಶ್ರೀರಂಗಪಟ್ಟಣದ ಕೃತಿಯನ್ನೊ, ಲಂಡನ್ನಿನ ದುರಸ್ತಿಗಾರರ ಕೃತಿಯನ್ನೊ? ಇಲ್ಲಿ ನಮಗೊಂದು ಹಳೆಯ ಆಧಾರವಿದೆ. ಬೊಂಬೆ ಕೈವಶವಾದ ಮರುವರ್ಷವೇ, ೧೮೦೦ರಲ್ಲಿ, ಜೇಮ್ಸ್ ಸಾಮಂಡ್ ಎಂಬವನು ಪ್ರಕಟಿಸಿದ ಯುದ್ಧವೃತ್ತಾಂತದಲ್ಲಿ ಇದರ ಚಿತ್ರವೂ ವಿವರಣೆಯೂ ಇವೆ. ಆ ವಿವರಣೆ ಹುಲಿಯ ಹೊಟ್ಟೆಯ ವಾದ್ಯವನ್ನು ಹೇಳುತ್ತದೆ. ನರಳಿಕೆ ಮತ್ತು ಗರ್ಜನೆಗಳನ್ನು ಹೇಳುತ್ತದೆ. ಯುರೋಪಿಯನ್ನನ ಕೈ ಮತ್ತೆ ಮತ್ತೆ ಮೇಲೇಳುವುದನ್ನು, ಅದು ಅವನ ಅಸಹಾಯಕತೆಯನ್ನು ತೋರಿಸುವುದನ್ನು ಹೇಳುತ್ತದೆ. ಹುಲಿ ಅಲುಗುವುದಾಗಿ ಹೇಳುವುದಿಲ್ಲ. ಸ್ವರಗಳ ಶ್ರುತಿ, ತಿದಿಗಳ ಜೋಡಣೆ, ಬಣ್ಣ ಇವುಗಳಲ್ಲಿ ಪ್ರಕ್ಷೇಪ ಎಷ್ಟೇ ಇರಲಿ, ಚಲನೆಯ ಮೂಲಪಾಠ ಇದೇ: ಹುಲಿ ಸ್ಥಿರ, ಮನುಷ್ಯನ ಕೈ ಚರ. ನಮ್ಮ ವಿಮರ್ಶೆಗೆ ಇಷ್ಟು ನೆಲ ಸಾಕು.

೪

ಈಗ ಮುಖ್ಯ ಪ್ರಶ್ನೆ. ಹುಲಿಯ ವಿಜಯವನ್ನು ಸಾರಲು ಹೊರಟ ಬೊಂಬೆಯಲ್ಲಿ ಹುಲಿ ಏಕೆ ಅಲುಗುವುದಿಲ್ಲ?

ಅಲುಗಿಸಲು ಆಗಲಿಲ್ಲವೆಂಬ ಸಮಾಧಾನ ನಿಲ್ಲುವುದಿಲ್ಲ. ಹಲ್ಲುಚಕ್ರಗಳ ಕೆಲಸ ಹುಲಿಯ ತಲೆಯವರೆಗೂ ತಲುಪಿದೆ. ಅಲ್ಲಿ ಭಾರವನ್ನೆತ್ತಿ ಬೀಳಿಸುವ ಏರ್ಪಾಡೂ ಇದೆ. ಅದಕ್ಕೆ ಒಂದು ಸಲಾಕೆಯನ್ನು ಜೋಡಿಸಿ ದವಡೆಯನ್ನೊ ಬಾಲವನ್ನೊ ಆಡಿಸುವುದು ಈ ಯಂತ್ರವನ್ನು ಮಾಡಿದವರಿಗೆ ಕಷ್ಟದ ಮಾತಲ್ಲ. ಮನುಷ್ಯನ ಕೈಯನ್ನಾಡಿಸಬಲ್ಲವರು ಹುಲಿಯ ದವಡೆಯನ್ನಾಡಿಸಲಾರರೆ? ಆದುದರಿಂದ ಇದು ಅಶಕ್ತಿಯಲ್ಲ, ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಆಯ್ಕೆಯ ಔಚಿತ್ಯವನ್ನು ತಿಳಿಯಲು ವಿರುದ್ಧವಾದ ಆಯ್ಕೆಯನ್ನು ನೋಡಬೇಕು. ಪುಣೆಯ ಗಣೇಶೋತ್ಸವದ ‘ಹಲತೇ ದೇಖಾವೇ’ಗಳನ್ನು, ಎಂದರೆ ಚಲಿಸುವ ದೃಶ್ಯಗಳನ್ನು ನಮ್ಮ ವಾಚಕರೆಲ್ಲ ಬಲ್ಲರು. ನಿಗಡಿಯ ಪೇಂಡಾಲೊಂದರಲ್ಲಿ ಒಂದು ವರ್ಷ ನರಸಿಂಹಾವತಾರವನ್ನು ನಿಲ್ಲಿಸಿದ್ದರು. ಕಂಬ ಬಿರಿಯಿತು, ನರಸಿಂಹ ಬಂದ. ತಲೆ ಎಡಕ್ಕೂ ಬಲಕ್ಕೂ ತಿರುಗಿತು. ಬಾಯಿ ತೆರೆದು ಮುಚ್ಚಿತು. ಎರಡು ಕೈಗಳೂ ಏರಿ ಇಳಿದುವು. ಕಣ್ಣಲ್ಲಿ ಕೆಂಪು ದೀಪ. ತೊಡೆಯ ಮೇಲಿನ ಹಿರಣ್ಯಕಶಿಪು ಮಾತ್ರ ಮಲಗಿದ್ದಂತೆಯೇ ಮಲಗಿದ್ದ. ಜನ ಮೆಚ್ಚಿದರು; ಮಕ್ಕಳು ಕೈತಟ್ಟಿ ನಕ್ಕರು; ಹೆದರಿದವರು ಯಾರೂ ಇಲ್ಲ. ಕೊಲ್ಲುವವನಿಗೆ ನಾಲ್ಕು ಕೀಲು, ಸಾಯುವವನಿಗೆ ಒಂದೂ ಇಲ್ಲ. ಕೊಲ್ಲುವವನು ಗಾಳಿಯಲ್ಲಿ ಕೈಯಾಡಿಸುತ್ತಿರುವಂತೆ ಕಂಡಿತು. ಅವನ ರಭಸ ಯಾರಿಗೆ ತಾಗುತ್ತಿದೆಯೆಂಬುದೇ ಕಾಣದಾಯಿತು. ಆ ಕಲಾವಿದರನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಹತ್ತು ದಿನದ ಸಂಭ್ರಮಕ್ಕೆ ಅದು ತಕ್ಕುದೇ. ಹಳೇಬೀಡಿನ ಗೋಡೆಯ ನರಸಿಂಹ ಕಲ್ಲಾಗಿಯೇ ಇದ್ದು ಎಬ್ಬಿಸುವ ಭೀತಿಯನ್ನು ಈ ಯಂತ್ರ ಎಬ್ಬಿಸಲಾರದೆಂಬುದನ್ನಷ್ಟೆ ಇಲ್ಲಿ ಗಮನಿಸಬೇಕು.

ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು. ಭಯಾನಕ ರಸದಲ್ಲಿ ಹುಲಿ ಆಲಂಬನ ವಿಭಾವ; ಭಯಪಡುವವನು ಆಶ್ರಯ. ಕೂಗು, ನಡುಕ, ಕೈಕಾಲುಗಳ ಚೇಷ್ಟೆ ಮೊದಲಾದ ಅನುಭಾವಗಳು ತೋರುವುದು ಆಶ್ರಯದಲ್ಲಿ, ಆಲಂಬನದಲ್ಲಲ್ಲ. ಹುಲಿ ಇದ್ದರೆ ಸಾಕು. ಅದು ಏನನ್ನೂ ಮಾಡಬೇಕಾಗಿಲ್ಲ. ಮಾಡಬೇಕಾದವನು ಅದರ ಕೆಳಗೆ ಸಿಕ್ಕಿದವನು. ಶ್ರೀರಂಗಪಟ್ಟಣದ ಕಸುಬುದಾರರು ಅಲಂಕಾರಗ್ರಂಥಗಳನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಶಾಸ್ತ್ರ ಯಾವ ಅನುಭವದಿಂದ ಹುಟ್ಟಿತೊ ಆ ಅನುಭವ ಅವರಿಗೂ ಇತ್ತು. ಕೈಯಲ್ಲಿದ್ದ ಒಂದೇ ಚಲನೆಯನ್ನು ಅವರು ಆಲಂಬನಕ್ಕೆ ಖರ್ಚುಮಾಡಲಿಲ್ಲ; ಆಶ್ರಯಕ್ಕೆ ಕೊಟ್ಟರು.

ಅಷ್ಟೇ ಅಲ್ಲ. ಕೈ ಏರಿ ಇಳಿದಂತೆ ನರಳಿಕೆಯ ಶ್ರುತಿಯೂ ವ್ಯತ್ಯಾಸಗೊಳ್ಳುವಂತೆ ಕೈಯನ್ನೂ ಕೊರಳನ್ನೂ ಕೂಡಿಸಿದ್ದಾರೆ. ಚೇಷ್ಟೆ ಬೇರೆ, ದನಿ ಬೇರೆ ಆಗಿದ್ದರೆ ಅವು ಎರಡು ಯಂತ್ರಗಳಾಗುತ್ತಿದ್ದುವು. ಒಂದರಿಂದೊಂದು ಬದಲಾಗುವುದರಿಂದ ಎರಡರ ಹಿಂದೆ ಒಂದು ಜೀವವಿರುವಂತೆ ಭಾಸವಾಗುತ್ತದೆ. ಹುಲಿಯ ಸದ್ದಿನ ನಡೆಯಾದರೊ ಬೇರೆ. ಅದು ಕೈಯ ತಾಳಕ್ಕೆ ಸೇರಿದ್ದಲ್ಲ. ಒಳಗೆ ಭಾರ ಮೆಲ್ಲನೆ ಏರುತ್ತಿರುವಾಗ ಹುಲಿ ಮೌನ. ಮನುಷ್ಯ ನರಳುತ್ತಲೇ ಇರುತ್ತಾನೆ. ಹುಲಿಯನ್ನು ಮರೆತೆವೆನ್ನುವಷ್ಟರಲ್ಲಿ ಭಾರ ಜಾರಿ ಗುರುಗುಟ್ಟುವಿಕೆ ಬಂದೆರಗುತ್ತದೆ. ಬಲಿಯದು ಎಡೆಬಿಡದ ಲಯ, ಮೃಗದ್ದು ಬಿಟ್ಟು ಬಿಟ್ಟು ಬರುವ ಲಯ. ಸಂಗ್ರಹಾಲಯದವರು ನಡೆಸಿ ಚಿತ್ರೀಕರಿಸಿದ್ದನ್ನು ಕಣ್ಣುಮುಚ್ಚಿ ಕೇಳಿದವರಿಗೂ ಯಾರು ಯಾರ ವಶದಲ್ಲಿದ್ದಾರೆಂಬುದು ತಿಳಿಯುತ್ತದೆ.

ಕೈಯ ಆ ಅಭಿನಯಕ್ಕೆ ಶ್ರೀರಂಗಪಟ್ಟಣದಲ್ಲೇ ಒಂದು ಸಮಾನರೂಪವಿದೆ. ದರಿಯಾ ದೌಲತ್ ಬಾಗಿನ ಹೊರಗೋಡೆಯಲ್ಲಿ ೧೭೮೦ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದನ್ನು ಹಲವು ಸಲ ತಿದ್ದಿ ಬಳಿದಿದ್ದಾರೆಂಬುದು ನಿಜ. ಅದರಲ್ಲಿ ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳನ್ನು ಬಾಯಿಗಿಟ್ಟಿದ್ದಾನೆ. ಸುತ್ತಲೂ ಸಾವಿರ ಕತ್ತಿ, ಕುದುರೆ, ಹೊಗೆ. ಆದರೆ ಸೋಲು ಇರುವುದು ಆ ಒಂದು ಕೈಯಲ್ಲಿ. ಗೋಡೆಯ ಚಿತ್ರದಲ್ಲಿ ಕೈ ನಿಂತಿದೆ; ಬೊಂಬೆಯಲ್ಲಿ ಅದು ಮುಖದ ಕಡೆಗೆ ಏರುತ್ತ ಇಳಿಯುತ್ತ ಇದೆ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರೆಂದು ಸಾಧಿಸಲು ಆಧಾರವಿಲ್ಲ. ಶತ್ರುವಿನ ಸೋ಼ಲನ್ನು ಅವನ ಕೈಯಲ್ಲಿ ಕಾಣುವ ದೃಷ್ಟಿ ಆ ಊರಿನಲ್ಲಿ ಇತ್ತೆಂದು ಮಾತ್ರ ಹೇಳಬಹುದು.

ಮಿತಚಲನೆ ನಮ್ಮ ಬೊಂಬೆಯಾಟಗಳಿಗೂ ಹೊಸದಲ್ಲ. ಕೇರಳದ ತೋಲ್ಪಾವಕೂತ್ತಿನ ಬಹುಪಾಲು ತೊಗಲುಬೊಂಬೆಗಳಿಗೆ ಆಡುವುದು ಒಂದೇ ಕೈ. ಕರ್ಣಾಟಕದ ತೊಗಲುಬೊಂಬೆಯಾಟದಲ್ಲಿ ಇಡೀ ದೃಶ್ಯವನ್ನೇ ಒಂದು ತೊಗಲಿನಲ್ಲಿ ಕೊರೆದ, ಯಾವ ಅಂಗವೂ ಅಲುಗದ ದೊಡ್ಡ ಬೊಂಬೆಗಳಿವೆ. ಉಳಿದುದನ್ನು ದೀಪವೂ ಭಾಗವತನ ಕಂಠವೂ ತುಂಬುತ್ತವೆ. ಇದೇ ಶತಮಾನದ ಯುರೋಪಿನ ಯಂತ್ರಪ್ರಾಣಿಗಳ ಹಾದಿ ಬೇರೆ. ೧೭೩೯ರಲ್ಲಿ ವೊಕಾನ್ಸನ್ ತೋರಿಸಿದ ಬಾತುಕೋಳಿಯ ಒಂದೊಂದು ರೆಕ್ಕೆಯಲ್ಲೂ ನೂರಾರು ಭಾಗಗಳಿದ್ದುವೆಂದು ಪ್ರಸಿದ್ಧಿ. ಅದು ಕಾಳು ತಿಂದು ಅರಗಿಸಿಕೊಳ್ಳುತ್ತದೆಂದು ಜನ ಬೆರಗಾದರು; ಅರಗಿಸಿಕೊಳ್ಳುವುದು ಕಣ್ಕಟ್ಟೆಂದು ಆಮೇಲೆ ತಿಳಿಯಿತು. ೧೭೭೩ರ ಬೆಳ್ಳಿಯ ಹಂಸ ಕತ್ತನ್ನು ಬಳುಕಿಸಿ ಮೀನನ್ನು ಎತ್ತಿಕೊಳ್ಳುತ್ತದೆ. ಅದರ ಸೊಬಗನ್ನು ಅಲ್ಲಗಳೆಯುವವರಿಲ್ಲ. ಅವುಗಳ ಗುರಿ, ಪ್ರಾಣಿ ಹೇಗೆ ಚಲಿಸುತ್ತದೆಯೊ ಹಾಗೆಯೇ ಚಲಿಸಿ ತೋರುವುದು. ನಮ್ಮ ಹುಲಿಯ ಗುರಿ, ಹುಲಿ ಮೇಲಿದ್ದರೆ ಮನುಷ್ಯನಿಗೆ ಏನಾಗುತ್ತದೆಂದು ತೋರುವುದು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ತರವಲ್ಲ.

ಅಳತೆ ಉದ್ದೇಶಕ್ಕೆ ತಕ್ಕಂತಿರಬೇಕೆಂಬುದಕ್ಕೆ ನಮ್ಮ ಕಾಲದ್ದೇ ನಿದರ್ಶನವಿದೆ. ೨೦೨೩ರಲ್ಲಿ ತ್ರಿಶ್ಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ದೇವಸ್ಥಾನಕ್ಕೆ ಜೀವಂತ ಆನೆಯ ಬದಲು ಯಂತ್ರದ ಆನೆಯೊಂದು ಬಂದಿತು. ೨೦೨೪ರಲ್ಲಿ ಚಿಕ್ಕಮಗಳೂರು ಜಿಲ್ಲೆಗೂ ಅಂತಹುದೊಂದು ಬಂದಿತು. ರಬ್ಬರು, ನಾರು, ಉಕ್ಕುಗಳ ಮೈ; ವಿದ್ಯುತ್ ಮೋಟಾರುಗಳ ಬಲದಿಂದ ಕಿವಿ, ಕಣ್ಣು, ಬಾಲ, ಸೊಂಡಿಲು ಎಲ್ಲವೂ ಆಡುತ್ತವೆ. ಸರಪಳಿಯಲ್ಲಿ ನಿಂತು ಸವೆಯುವ ಆನೆಯನ್ನು ಬಿಡುಗಡೆ ಮಾಡಲು ಅದರ ಜಾಗದಲ್ಲಿ ನಿಲ್ಲಬೇಕಾದ ಬೊಂಬೆ ಅದು. ಅಲ್ಲಿ ಒಂದು ಕೀಲು ಸಾಲದು. ಎಷ್ಟು ಕೀಲಿದ್ದರೂ ಹೆಚ್ಚಲ್ಲ. ಟಿಪ್ಪುವಿನ ಹುಲಿ ಯಾವ ಹುಲಿಯ ಜಾಗದಲ್ಲೂ ನಿಂತದ್ದಲ್ಲ.

೫

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. ಈ ಕೃತಿಯ ಮುಖ್ಯ ದೋಷ ಆ ಆರ್ಗನ್ ವಾದ್ಯ. ನರಳಿಕೆ, ಗರ್ಜನೆ, ಕೈ ಇವು ಮೂರೂ ಒಂದೇ ದೃಶ್ಯದ ಅಂಗಗಳು. ಹುಲಿಯ ಹೊಟ್ಟೆಯಿಂದ ರಾಗವನ್ನು ಹೊರಡಿಸುವ ಹದಿನೆಂಟು ಗುಂಡಿಗಳಿಗೂ ಆ ದೃಶ್ಯಕ್ಕೂ ಏನು ಸಂಬಂಧ? ಸಾಯುವವನ ಕೂಗಿನ ಪಕ್ಕದಲ್ಲೇ ಒಬ್ಬನು ಕುಳಿತು ಹಾಡನ್ನು ನುಡಿಸಿದರೆ ರಸಭಂಗವಾಗದೆ ಇರದು. ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವಂತೆಯೂ ಇಲ್ಲ. ೧೮೦೦ರ ವಿವರಣೆಯಲ್ಲೇ ವಾದ್ಯದ ಉಲ್ಲೇಖವಿದೆಯೆಂದು ಮೇಲೆ ಕಂಡೆವು. ಈ ಗುಂಡಿಗಳು ಹಾಡು ನುಡಿಸಲು ಇದ್ದುವೇ ಅಲ್ಲ, ಬೆರಳ ಗೆಣ್ಣುಗಳನ್ನು ಸಾಲಿನ ಮೇಲೆ ಹಿಂದೆ ಮುಂದೆ ಎಳೆದು ಚೀತ್ಕಾರವನ್ನೆಬ್ಬಿಸಲು ಇದ್ದುವು ಎಂದು ವಿಲ್ಲಿಸ್ ಸೂಚಿಸಿದ್ದ. ಹಾಗಿದ್ದರೆ ದೋಷ ಬಹುಮಟ್ಟಿಗೆ ಕರಗುತ್ತದೆ. ವಾದ್ಯವೂ ದೃಶ್ಯದ ಅಂಗವೇ ಆಗುತ್ತದೆ. ಆದರೆ ಶ್ರುತಿಗೊಳಿಸಿದ ಎರಡು ಸಾಲು ಕೊಳವೆಗಳನ್ನು ಬರಿಯ ಚೀತ್ಕಾರಕ್ಕಾಗಿ ಮಾಡುವರೆ ಎಂಬ ಶಂಕೆ ನನಗೆ ಉಳಿದಿದೆ. ಅರಸನ ವಿನೋದಕ್ಕೆ ಒಂದು ವಸ್ತು, ಅರಸನ ಹಗೆಗೆ ಒಂದು ವಸ್ತು ಎಂದು ಎರಡು ಬೇಡಿಕೆಗಳಿದ್ದು, ಎರಡನ್ನೂ ಒಂದೇ ಮೈಯಲ್ಲಿ ತೀರಿಸಿದಂತೆ ತೋರುತ್ತದೆ.

ಎರಡನೆಯದು ಮುಖಗಳ ಅಸಮತೆ. ಹುಲಿಯ ತಲೆಯಲ್ಲಿ ಶಿಲ್ಪಿಯ ಕೈ ಪಳಗಿದ್ದು ಕಾಣುತ್ತದೆ. ಮನುಷ್ಯನ ಮುಖವಾದರೊ ನಿರ್ವಿಕಾರ; ನೋವೂ ಇಲ್ಲ, ಭಯವೂ ಇಲ್ಲ. ಕೈಯಲ್ಲಿರುವ ಆರ್ತತೆಗೆ ಮುಖ ಸ್ಪಂದಿಸುವುದಿಲ್ಲ. ಪರದೇಶಿಯ ಮುಖವನ್ನು ಕೆತ್ತುವ ಅಭ್ಯಾಸವಿಲ್ಲದವರ ತೊಡಕು ಇದಾಗಿರಬಹುದು. ಬೊಂಬೆ ನಿಂತಿರುವಾಗ ಈ ಕೊರತೆ ಎದ್ದು ಕಾಣುತ್ತದೆ. ನಡೆಯುವಾಗ ಕೈ ಅದನ್ನು ತೀರಿಸಿಕೊಡುತ್ತದೆ.

ಇಲ್ಲಿಯೇ ಕೃತಿಯ ಆಶಯವನ್ನು ಕುರಿತ ಕಠಿಣವಾದ ಮಾತೂ ಬರುತ್ತದೆ. ೧೭೯೨ರಲ್ಲಿ ಸರ್ ಹೆಕ್ಟರ್ ಮನ್ರೋವಿನ ಮಗ ಬಂಗಾಳದ ಸಾಗರದ್ವೀಪದಲ್ಲಿ ಹುಲಿಗೆ ಬಲಿಯಾದುದು ಈ ಬೊಂಬೆಗೆ ಪ್ರೇರಣೆಯೆಂದು ಹೇಳುವುದುಂಟು. ಆದರೆ ಅದಕ್ಕೂ ಮುಂಚೆ, ೧೭೮೭-೮೮ರಲ್ಲಿ ಟಿಪ್ಪುವಿಗಾಗಿ ಮಾಡಿದ ಬಂದೂಕವೊಂದರ ಬೆಳ್ಳಿಯ ಕೆಲಸದಲ್ಲಿ ಇದೇ ದೃಶ್ಯವಿದೆ. ಯಾವ ಪಕ್ಷವನ್ನು ಹಿಡಿದರೂ ಇದು ಹಗೆಯಿಂದ ಹುಟ್ಟಿದ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಮೃದುಮಾಡಿ ಹೇಳಬೇಕಾಗಿಲ್ಲ. ಹೊಯ್ಸಳ ಲಾಂಛನದಲ್ಲಿ ಮನುಷ್ಯ ಮೃಗವನ್ನು ಕೊಲ್ಲುತ್ತಾನೆ. ಅಲ್ಲಿ ನಾವು ಸಳನ ಪಕ್ಷ. ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳಲ್ಲೂ ನಮ್ಮ ಕಣ್ಣು ಮನುಷ್ಯನ ಮೇಲೆಯೇ. ಟಿಪ್ಪುವಿನ ಬೊಂಬೆ ಆ ಪಕ್ಷವನ್ನು ತಿರುಗಿಸಹೊರಟಿತು. ನೋಡುವವನು ಹುಲಿಯ ಕಡೆ ಸೇರಲೆಂದು ಬಯಸಿತು. ಆದರೆ ಪ್ರಾಣವಿರುವಂತೆ ಅಲುಗುವುದು ಒಂದೇ ಕೈಯಾದುದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ. ಕಣ್ಣು ಹೋದಲ್ಲಿಗೆ ಮನಸ್ಸು ಹೋಗುತ್ತದೆ. ಕೆಲವು ನಿಮಿಷಗಳಲ್ಲಿ ನಾವು ಹುಲಿಯ ಕಡೆಯವರಾಗಿ ಉಳಿಯುವುದಿಲ್ಲ. ಹಗೆಯ ಅಪ್ಪಣೆಯಂತೆ ಮಾಡಿದ ಕೃತಿ, ಮಾಡಿದವರ ಕಲೆಯ ನಿಷ್ಠೆಯಿಂದಾಗಿ, ಹಗೆಯವನ ಮೇಲೆಯೇ ಕರುಣೆ ಹುಟ್ಟಿಸುತ್ತದೆ. ಇದು ಅಪ್ಪಣೆಯ ದೃಷ್ಟಿಯಿಂದ ದೋಷ. ಕಲೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಗುಣವಿಲ್ಲ.

ಇದರ ಜೊತೆಗೆ ಹಿಡಿಕೆಯ ಸ್ಥಾನವನ್ನು ನೆನೆಯಬೇಕು. ಅದು ಹುಲಿಯ ಭುಜದಲ್ಲಿದೆ. ತಿರುಗಿಸುವವನು ಹುಲಿಯ ಪಕ್ಕದಲ್ಲಿ ನಿಂತು, ಹುಲಿಯ ಬಲವನ್ನು ತಾನೇ ಒದಗಿಸಬೇಕು. ಕೈ ನಿಲ್ಲಿಸಿದರೆ ನರಳಿಕೆಯೂ ನಿಲ್ಲುತ್ತದೆ. ಆ ಮನುಷ್ಯ ಇನ್ನೂ ಒರಲಬೇಕೆ ಬೇಡವೆ ಎಂಬುದು ಪ್ರತಿಯೊಂದು ಸುತ್ತಿಗೂ ನಮ್ಮ ಕೈಯಲ್ಲಿದೆ. ಲೆಡನ್‌ಹಾಲ್ ಬೀದಿಯ ಜನ ದಶಕಗಳ ಕಾಲ ತಮ್ಮವನೊಬ್ಬನ ಮರಣವನ್ನು ವಿನೋದಕ್ಕಾಗಿ ತಾವೇ ತಿರುಗಿಸಿದರು. ಕೇಳಿ ಬೇಸತ್ತವರಿಗೆ ಅದು ಬರಿಯ ಗದ್ದಲವಾಯಿತು. ಹಿಡಿಕೆ ಹೋದದ್ದು ಒಳ್ಳೆಯದಾಯಿತೆಂದ ಪತ್ರಿಕೆ ಈ ಬೊಂಬೆಯನ್ನು ಅರ್ಥಮಾಡಿಕೊಂಡು ಹಾಗೆಂದಿತೊ, ಅರ್ಥಮಾಡಿಕೊಳ್ಳದೆ ಹಾಗೆಂದಿತೊ ಹೇಳುವುದು ಕಷ್ಟ.

೬

ಕೆಲವು ವರ್ಷಗಳ ಹಿಂದೆ ಕೆಲಸದ ನಿಮಿತ್ತ ಲಂಡನ್ನಿಗೆ ಹೋಗಿದ್ದಾಗ ಗಾಜಿನೊಳಗಿದ್ದ ಈ ಹುಲಿಯ ಮುಂದೆ ಅರ್ಧ ಗಂಟೆ ನಿಂತಿದ್ದೆ. ಹೆಸರಾಂತ ವಸ್ತು, ಜನ ಬರುತ್ತಿದ್ದರು, ಹೋಗುತ್ತಿದ್ದರು. ಅಲುಗುವ ಕೈ ಅಲುಗದೆ ಇತ್ತು. ನಮ್ಮ ಬ್ಯಾಂಕುಗಳಲ್ಲಿ ವರ್ಷಗಟ್ಟಲೆ ವ್ಯವಹಾರ ನಡೆಯದ ಖಾತೆಗಳಿರುತ್ತವೆ. ಮೊತ್ತ ಪುಸ್ತಕದಲ್ಲಿ ಸರಿಯಾಗಿರುತ್ತದೆ. ಆದರೆ ಅದು ಯಾರ ಸಂಸಾರದ ಯಾವ ಕಷ್ಟಸುಖಕ್ಕೆ ಹುಟ್ಟಿದ್ದೆಂಬುದನ್ನು ಪುಸ್ತಕ ಹೇಳುವುದಿಲ್ಲ. ಗಾಜಿನೊಳಗಿನ ಹುಲಿಯೂ ಹಾಗೆ ಕಂಡಿತು. ಅದರ ಬಡಕಲು ಮರಕ್ಕೆ ಇನ್ನು ತಿರುಗಿಸುವವರ ಕಾಟ ತರವಲ್ಲವೆಂಬುದು ಒಪ್ಪಬೇಕಾದ ಮಾತೇ. ಆದರೆ ಕೀಲುಬೊಂಬೆಯ ಅರ್ಥ ಅದರ ಚಲನೆಯಲ್ಲಿದೆ. ನಿಂತ ಹುಲಿಯನ್ನು ಕುರಿತು ವಾದಿಸುವವರು ಹುಲಿಯನ್ನು ಮಾತ್ರ ಕಾಣುತ್ತಾರೆ. ಅದರ ಒಡೆಯನನ್ನು ಹೊಗಳುತ್ತಾರೆ ಅಥವಾ ತೆಗಳುತ್ತಾರೆ. ಕೈ ಏರಿದಾಗ ಮಾತ್ರ ಎರಡನೆಯ ವ್ಯಕ್ತಿಯೊಬ್ಬ ಅಲ್ಲಿದ್ದಾನೆಂಬುದು ನೆನಪಾಗುತ್ತದೆ. ನಮ್ಮ ಸಭೆಯ ಒಂದು ಗಂಟೆಯ ವಾದದಲ್ಲಿ ಯಾರಿಗೂ ನೆನಪಾಗದವನು ಅವನೇ.

ಆಮೇಲೆ ಒಂದು ಭಾನುವಾರ ನೆರೆಯ ಇಂಜಿನಿಯರರನ್ನು ಮನೆಗೆ ಕರೆದು, ಬೊಂಬೆ ನಡೆಯುವ ಚಿತ್ರವನ್ನು ತೋರಿಸಿದೆ. ಎರಡು ಸಲ ನೋಡಿದರು. “ಕೈ ಮತ್ತ ದನಿ ಕೂಡಿಸ್ಯಾರಲ್ಲ, ಅದು ಭಾಳ ಶಾಣ್ಯಾತನದ ಕೆಲಸ” ಎಂದರು. ಒಂದು ಕೀಲಿನಿಂದ ಇಷ್ಟು ಕೆಲಸ ತೆಗೆದದ್ದನ್ನು ಒಪ್ಪಿದರು. ಆದರೂ ದವಡೆ ಸ್ವಲ್ಪ ಆಡಬೇಕಿತ್ತು ಎಂಬುದು ಅವರ ಮತ. ಆಡಿದ್ದರೆ ಕೆಡುತ್ತಿತ್ತೆಂಬುದು ನನ್ನ ಮತ. ಆ ಚರ್ಚೆ ಇನ್ನೂ ಮುಗಿದಿಲ್ಲ. ಅದು ಹುಲಿಯನ್ನೇ ಕುರಿತ ಚರ್ಚೆಯಾದುದರಿಂದ ಬೇಗ ಮುಗಿಯದಿರಲೆಂದೇ ನನ್ನ ಆಸೆ.

ಕೊನೆಯಲ್ಲಿ ಒಂದು ಬಿನ್ನಹ. ಈ ಬೊಂಬೆಯ ಯಂತ್ರವನ್ನು ಆಂಗ್ಲ ತಜ್ಞರು ಬಿಚ್ಚಿ ನೋಡಿ ಬರೆದಿದ್ದಾರೆ. ಅವರಿಗೆ ನಾವು ಋಣಿಗಳು. ಅದರ ಕೆಲಸವನ್ನು ಮೈಸೂರು ಸೀಮೆಯ ಮರಗೆಲಸ, ತೇರಿನ ಕೆತ್ತನೆ, ಬೊಂಬೆಯಾಟ, ವಾದ್ಯನಿರ್ಮಾಣಗಳೊಡನೆ ಹೋಲಿಸಿ ನೋಡುವ ಕೆಲಸ ಕನ್ನಡದ ವಿದ್ವಾಂಸರಿಂದ ಆಗಬೇಕಾಗಿದೆ. ಒಡೆಯನ ಹೆಸರು ಎಲ್ಲರ ಬಾಯಲ್ಲಿದೆ. ಕೊಂಡೊಯ್ದವರ ಹೆಸರುಗಳು ದಾಖಲೆಯಲ್ಲಿವೆ. ದುರಸ್ತಿ ಮಾಡಿದವರ ಹೆಸರುಗಳೂ ಕೆಲವು ಉಳಿದಿವೆ. ಆ ಕೈಗೆ ಒಂದು ಕೀಲನ್ನು ಕೊಟ್ಟು ಹುಲಿಯನ್ನು ಅಲುಗದಂತೆ ಬಿಟ್ಟವನು ಯಾರು? ಅವನ ಹೆಸರು ಸಿಕ್ಕದೆ ಹೋದರೂ, ಅವನ ವಿವೇಕವನ್ನು ಗುರುತಿಸುವುದು ನಮ್ಮಿಂದ ಆಗಬಹುದಾದ ಕೆಲಸ.